ನೂರು ಮೀಟರ್ ಒಳಗ

ಖರೀದಿ ಪತ್ರದಾಗ ಎಂಟು ಭೋಗ ಬರದಾರ:
ನಿಧಿ, ನಿಕ್ಷೇಪ, ಜಲ, ಪಾಷಾಣ,
ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ.
ನಮ್ಮವ್ವ ಎರಡು ಸಲ ಓದಿಸಿ ಕೇಳಿ
ಆಮ್ಯಾಲ ಹೆಬ್ಬಟ್ಟು ಒತ್ತಿದ್ಲಂತ.
ಹದಿನೆಂಟು ಫೂಟ ಅಗಲ, ಮೂವತ್ತೊಂದು ಉದ್ದ,
ವಿಜಾಪುರದಾಗ ಒಂದು ಓಣಿ, ಓಣಿ ಬಾಯಿಗೆ ಬೇವು.

ಚಕ್ಕುಬಂದಿ:
ಪೂರ್ವಕ್ಕ ಸರಕಾರಿ ರಸ್ತಾ,
ದಕ್ಷಿಣಕ್ಕ ಹುಸೇನಸಾಬ ಕೊರಬು ಇವರ ಗ್ವಾಡಿ,
ಉತ್ತರಕ್ಕ ಹಾಳು ಭಾವಿ,
ಪಶ್ಚಿಮಕ್ಕ "ಹಳೇ ಗುಮ್ಮಟದ ಬಯಲು", ಅಷ್ಟ.
ಯಾರ ಗುಮ್ಮಟ ಅಂತ ಬರಿಯೋರಿಗೂ ಗೊತ್ತಿರಲಿಲ್ಲ.
ಒಳಗ ಮಲಗಿದಾಕಿ ಯಾವ ಬೇಗಮ್ಮೋ, ಯಾವ ದಾಯಿಯೋ.
ನಾವು ಸಣ್ಣೋರಿದ್ದಾಗ ಅದರ ಕಟ್ಟಿ ಮ್ಯಾಲ ಕೌದಿ ಒಣಗಸ್ತಿದ್ದಿವಿ,
ಕಮಾನಿನಾಗ ಗಿಳಿ ಮರಿ ಮಾಡತಿದ್ದವು.
ಈಗ ಸುತ್ತ ತಂತಿಬೇಲಿ, ನೀಲಿ ಬೋರ್ಡು.

ಹೋದ ಶ್ರಾವಣದಾಗ ನಮ್ಮ ಬಚ್ಚಲ ಗ್ವಾಡಿ ಬಿತ್ತು.
ಸೀರಿ ಪರದೆ ಕಟ್ಟಿ ಜಳಕಾ ಮಾಡೋ ವಯಸ್ಸೇನು ನಂದು?
ಸೈಪನಸಾಬ ಕರಣಿ ಹಿಡಕೊಂಡು ಬಂದ,
ಅವನ ಬೆನ್ನ ಹಿಂದ ಕಾವಲಿನ ಚಂದಪ್ಪ ಸೀಟಿ ಹಿಡಕೊಂಡು ಬಂದ.
"ನೀಲಕ್ಕ, ಬುನಾದಿ ತೋಡೂಹಂಗಿಲ್ಲ.
ನೂರು ಮೀಟರ್ ಒಳಗ ನಿಷೇಧ.
ಅದರಾಚೆ ಇನ್ನೂರು, ಕೇಳಿ ಕಟ್ಟಬೇಕು."

ನೂರು ಎಲ್ಲಿಗೆ ಮುಗಿತದಪಾ? ಅವಗೂ ಗೊತ್ತಿಲ್ಲ.
ಮೋಜಣಿಯಾಂವ ಬಂದ, ಟೇಪು ಎಳದ.
ತೊಂಬತ್ತೈದಕ್ಕ ಬಚ್ಚಲ,
ತೊಂಬತ್ತೊಂಬತ್ತಕ್ಕ ಒಲಿ,
ನೂರಕ್ಕ, ಸರಿಯಾಗಿ, ನಾ ಕೌದಿ ಹೊಲಿಯೋ ಜಾಗ.
ಅಂದ್ರ ರೊಟ್ಟಿ ಬಡಿಯೋದು ನಿಷೇಧದಾಗ,
ಮಲಗೋದು ಪರವಾನಗಿಯೊಳಗ.
ಸೂಜಿ ಚುಚ್ಚಿದ್ದು ಒಂದು ಕಲಮಿನಾಗ,
ಮ್ಯಾಲ ಬಂದದ್ದು ಇನ್ನೊಂದರಾಗ.

ಪತ್ರ ಬರಿಯೋ ಜಂಬಗಿ ಮಾಸ್ತರನ್ನ ಕೇಳಿದೆ:
ನಿಧಿ ನಂದು ಅಂತ ಬರದದಲ್ಲ?
"ಸಿಕ್ರ ಸರಕಾರದ್ದು."
ಮತ್ಯಾಕ ಬರದಿರಿ?
ಚಾಳೀಸು ಒರಸಿಕೊಂಡ.
"ನಮ್ಮಪ್ಪ ಬರೀತಿದ್ದ, ಅವರಪ್ಪ ಬರೀತಿದ್ದ.
ಬರೀಲಿಲ್ಲಂದ್ರ ಕೊಂಡೋರಿಗೆ ಸಮಾಧಾನ ಆಗೂದಿಲ್ಲವ್ವಾ.
ಅರ್ಜಿಯೊಳಗ ಕಟ್ಟತೀನಿ ಅನಬ್ಯಾಡ,
ದುರಸ್ತಿ ಅನ್ನು."

ದುರಸ್ತಿ ಅಂದೆ.
ಉತಾರ ಕೊಟ್ಟೆ, ನಕಾಶೆ ಕೊಟ್ಟೆ,
ಬಿದ್ದ ಗ್ವಾಡಿ ಫೋಟೋ ನಾಕು ಕಡಿಂದ.
ಬಿದ್ದದ್ದಕ್ಕ ನಾಕು ಕಡಿ ಎಲ್ಲಿದಾವು, ಆದ್ರೂ ಕೊಟ್ಟೆ.
ಮೂರನೇ ಸಲ ಕಚೇರಿ ಬಾಕಿನ ಮ್ಯಾಲ ಕುಂತಾಗ
ಎದರಿಗೆ ಮುಚ್ಚಿದ ಕಿಡಕಿ ನೋಡಿ
ಹುಸೇನಸಾಬನ ಸೊಸಿ ನೆನಪಾದ್ಲು.

ಮೆಹರೂನಬಿ ಕೇಳಿದ್ದು ಒಂದು ಮೊಳ.
ನಮ್ಮ ಹಿತ್ತಲಿಗೆ ಹೊಂದಿದ ಗ್ವಾಡಿಯೊಳಗ ಒಂದು ಮೊಳದ ಕಿಡಕಿ,
ಗಂಡ ರಾಜೇಸಾಬಗ ದಮ್ಮು.
ನಾ ಟ್ರಂಕಿನಿಂದ ಪತ್ರ ತಗದು ಬಿಚ್ಚಿದ್ದೆ:
ಇತ್ತಾಗಿನ ಗಾಳಿ ನಂದು, ಬೆಳಕು ನಂದು, ಓದಿಕೋ.
ಅಕಿಗೆ ಓದಾಕ ಬರತಿತ್ತು.
ಓದಿದ್ಲು. ಮೊದಲಿದ್ದಂಗ ಮಡಚಿ ಕೊಟ್ಲು.
ರಾಜೇಸಾಬ ಮುಂದಿನ ಚಳಿ ಕಾಣಲಿಲ್ಲ.
ಕಿಡಕಿ ಇದ್ರ ಕಾಣತಿದ್ದನೇನು,
ಅದನ್ನ ಯಾವ ಟೇಪಿನಲೆ ಅಳೀಲಿ.

ಕಚೇರಿಯಿಂದ ಬಂದಾಕಿ ಕುಂತು ಬರದೆ,
ಕಾಗದದ ತುಂಬ ಸೊಟ್ಟ ಅಕ್ಷರ:
ದಕ್ಷಿಣದ ಗ್ವಾಡಿಗೆ ಕಿಡಕಿ ಇಟ್ರ ನಂದು ತಕರಾರು ಇಲ್ಲ.
ತಾರೀಖು. ಸಹಿ.
"ಇದಕ್ಕೂ ಅರ್ಜಿ ಹಾಕಬೇಕಾಗತದ," ಅಂದ ಚಂದಪ್ಪ.
ಹಾಕೋಣು. ನನ್ನ ಪಾಲಿನದರ ಮೊದಲು ಮುಗೀಲಿ.

ಮೆಹರೂನಬಿ ಹೊಸ್ತಿಲದಾಗ ನಿಂತ ಓದಿದ್ಲು.
ಎರಡು ಸಲ, ನಮ್ಮವ್ವ ಕೇಳಿದಂಗ.
"ಈಗ ಯಾರಿಗೆ ನೀಲವ್ವಾ ಕಿಡಕಿ?"
ಅದಕ್ಕ ನನ್ನ ಕಡೆ ಕಾಗದ ಇರಲಿಲ್ಲ.

ನಾ ತಿರುಗಿದೆ. ಅಕಿ ಕಣ್ಣು ಬಯಲು ದಾಟಿ,
ಹರದ ಸೀರಿ ಪರದೆ ಮ್ಯಾಲ ನಿಂತಿತ್ತು.
"ನಾಳಿಂದ ಜಳಕಕ್ಕ ನಮ್ಮ ಬಚ್ಚಲಕ್ಕ ಬಾ," ಅಂದ್ಲು.
"ಆರಕ್ಕ ಬಾ. ತಡಾ ಮಾಡಿದ್ರ ನೀರು ಆರತಾವು."