ಎರಡು ವೀಳ್ಯದ ಹೊತ್ತು

ಆಟಿ ಹೋಯಿತು, ಸೋಣವೂ ಮುಗಿಯಿತು,
ಜಿಗಣೆಗಳ ಹಸಿವು ಮಾತ್ರ ಮುಗಿದಿರಲಿಲ್ಲ.
ಕಬ್ಬಿನಾಲೆಯ ಮೇಲಿನ ಗದ್ದೆಯಲ್ಲಿ ತೆನೆ ಹಾಲುಗಟ್ಟಿತ್ತು.
ಕಾಡಿನಂಚಿನ ಅಮಟೆಮರ ರಾತ್ರಿಯಿಡೀ
ಒಂದೊಂದೇ ಕಾಯಿ ಬೀಳಿಸುತ್ತಿತ್ತು,
ಲೆಕ್ಕ ತಪ್ಪಿದ ಮುದುಕಿ ಮತ್ತೆ ಮೊದಲಿಂದ
ಚಿಲ್ಲರೆ ಎಣಿಸಿದ ಹಾಗೆ.

ಬೊಗ್ರ ಮಾವನ ಬಿಲ್ಲು ಬೈನೆ ಮರದ್ದು,
ಬಿದಿರಿನ ಸಿಗುರೇ ಹೆದೆ.
ಮಳೆಗಾಲವೆಲ್ಲ ಒಲೆಯ ಮೇಲೆ ಹೊಗೆ ಕುಡಿದು,
ಅತ್ತೆಯ ಒಣಮೀನಿನ ಬುಟ್ಟಿಯ ಪಕ್ಕ ತೂಗಿ
ಅದಕ್ಕೂ ಮೀನಿನದೇ ವಾಸನೆ.
ನೆಕ್ಕಿಸೊಪ್ಪು ಹೊಸಕಿ ತಿಕ್ಕಿದ:
ಬಿಲ್ಲಿಗೆ, ತನ್ನ ತೋಳಿಗೆ, ನನ್ನ ಕುತ್ತಿಗೆಗೆ.
ನನಗೆ ಹದಿನಾಲ್ಕು.
ಕಾನೂನು ಆಗಲೂ ಇತ್ತು;
ನಮ್ಮ ತಡಮೆ ದಾಟಿ ಒಳಗೆ ಬಂದಿರಲಿಲ್ಲ, ಅಷ್ಟೆ.

"ಹೆದೆಯ ಸದ್ದು ಬಾಣಕ್ಕಿಂತ ಮೊದಲು ಮುಟ್ಟುತ್ತದೆ.
ಕೇಳಿದ್ದೇ ಕಾಡುಕುರಿ ಹಾರುವುದಿಲ್ಲ;
ಹಾರಲಿಕ್ಕೆಂದು ಮೊದಲು ಕುಸಿಯುತ್ತದೆ.
ನಿಂತಲ್ಲಿಗೆ ಬಿಟ್ಟರೆ ಅದರ ಬೆನ್ನ ಮೇಲಿನ ಗಾಳಿ ನಿನ್ನ ಪಾಲು.
ಕುಸಿಯುವಲ್ಲಿಗೆ ಬಿಡು."
ಇಷ್ಟು ಹೇಳಿದವನು ಸಂಜೆಯವರೆಗೆ ಮತ್ತೆ ತುಟಿ ಬಿಚ್ಚಲಿಲ್ಲ.

ಅದು ಬಂತು.
ಬಂತು ಅನ್ನುವುದೂ ತಪ್ಪು.
ಮೊದಲಿಂದಲೂ ಅಲ್ಲೇ ಇದ್ದ ಕೆಮ್ಮಣ್ಣಿನ ಒಂದು ತುಂಡು
ಕಿವಿ ಅಲ್ಲಾಡಿಸಿತು.
ಅಮಟೆಕಾಯಿ ಬಾಯಲ್ಲಿ ಹೊರಳಿಸಿ
ಹುಳಿಗೆ ಕಣ್ಣು ಕಿರಿದು ಮಾಡಿತು,
ಥೇಟ್ ನನ್ನ ತಂಗಿ.
ನೋಡಬಾರದಿತ್ತು.
ನೋಡಿದ ಮೇಲೂ ಬಿಟ್ಟೆ,

ನಿಂತಲ್ಲಿಗೂ ಅಲ್ಲ, ಕುಸಿಯುವಲ್ಲಿಗೂ ಅಲ್ಲ,
ಎರಡರ ನಡುವೆ ಎಲ್ಲೋ. ಹೊಟ್ಟೆಗೆ.

ಓಡಲೆದ್ದವನ ಅಂಗಿ ಹಿಡಿದು ಮಾವ ಕೂರಿಸಿದ.
"ಬೆನ್ನಟ್ಟಿದರೆ ನೋವು ಹೊತ್ತುಕೊಂಡು ಮೂರು ಗುಡ್ಡ ದಾಟುತ್ತದೆ.
ಯಾರೂ ಬರುವುದಿಲ್ಲ ಅಂತ ಗೊತ್ತಾದರೆ
ಹತ್ತಿರದಲ್ಲೇ ಮಲಗುತ್ತದೆ.
ಎರಡು ವೀಳ್ಯದ ಹೊತ್ತು. ಕೂತುಕೋ."

ಮೊದಲನೆಯದನ್ನು ಅವಸರವಿಲ್ಲದೆ ಜಗಿದ.
ಸುಣ್ಣ ಸವರುವಾಗ ನಡುಗಿದ್ದು ಅವನ ಬೆರಳೋ ನನ್ನ ಕಣ್ಣೋ.
ಎರಡನೆಯದಕ್ಕೆ ಅಡಿಕೆ ಉಳಿದಿರಲಿಲ್ಲ, ಬರೇ ಎಲೆ.
ಅದು ಇನ್ನೂ ಬಾಯಲ್ಲಿರುವಾಗ
ಪಡುವಣದಿಂದ ಒಂದು ಮಳೆ,
ಹೊರಟು ಹೋದ ನೆಂಟ
ಮರೆತ ಕೊಡೆಗೆ ತಿರುಗಿ ಬಂದ ಹಾಗೆ.
ಕಾಲು ಗಂಟೆ ಇದ್ದಿರಬೇಕು.
ಎಲೆಗಳ ಮೇಲೆ ನಮಗೆ ಬಿಟ್ಟುಹೋಗಿದ್ದ ಗುರುತನ್ನೆಲ್ಲ
ಒಂದೂ ಬಿಡದೆ ಒರೆಸಿ ಹೋಯಿತು.

ಟಾರ್ಚಿನ ಸೆಲ್ಲು ಸಾಯುವವರೆಗೆ ಹುಡುಕಿದೆವು.
ಮರುದಿನ ಹೊಳೆಯಾಚೆ, ಬಂಡೆಯ ಸಂದು, ಗೇರುಗುಡ್ಡ.
ಮೂರನೆಯ ಬೆಳಿಗ್ಗೆ ಕಾಗೆಗಳು ತೋರಿಸಿದವು:
ಬೆತ್ತದ ಪೊದೆಯೊಳಗೆ,
ನಾವು ಕೂತಲ್ಲಿಂದ ನಲವತ್ತು ಮಾರು.
ಮಾವ ಹೇಳಿದ್ದೇ ಸರಿ, ಅದು ಹತ್ತಿರದಲ್ಲೇ ಮಲಗಿತ್ತು.
ದೂರ ಹೋದವರು ನಾವು.

ಬೈಗುಳ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.
ಹೊಸ ತೆನೆ ಮನೆ ತುಂಬಿಸಿದ ದಿನ
ಕಂಬಕ್ಕೆ, ತೊಟ್ಟಿಲಿಗೆ, ಅಕ್ಕಿಮುಡಿಗೆ ಕಟ್ಟಿ
ಮಿಕ್ಕ ಒಂದೇ ಒಂದು ತೆನೆ ಹಿಡಿದು
ಮಾವ ಬೆತ್ತದ ಪೊದೆಯ ದಾರಿ ಹಿಡಿದ.
ನನ್ನನ್ನು ಕರೆಯಲಿಲ್ಲ.

ಈಗ ಉಡುಪಿಯಲ್ಲಿ, ಅಜ್ಜರಕಾಡಿನ ಮೈದಾನದ ಮೂಲೆ,
ಭಾನುವಾರ, ಹನ್ನೊಂದು ಮಕ್ಕಳು,
ಫೈಬರ್ ಬಿಲ್ಲು, ಬಣ್ಣದ ಬಳೆಗಳ ಕಾಗದ.
ಕಾಗದ ಕುಸಿಯುವುದಿಲ್ಲ. ನಿಂತಲ್ಲಿಗೇ ಬಿಡಿ ಅನ್ನುತ್ತೇನೆ.
ತನ್ವಿತಾ ನಡುವಿನ ಹಳದಿಗೆ ನೆಟ್ಟಳು,
ನೆಟ್ಟವಳೇ ಕೀಳಲು ಓಡಿದಳು.
"ನಿಲ್ಲು!"
ಎಲ್ಲರದೂ ಮುಗಿಯಲಿ ಎಂಬ ನಿಯಮಕ್ಕೆ, ಅಂದುಕೊಂಡಳು.
ಅಂದುಕೊಳ್ಳಲಿ.

ಎಲ್ಲರದೂ ಮುಗಿಯಿತು. ನಾನು ಸೀಟಿ ಊದಲಿಲ್ಲ.
ಒಂದು ಬಸ್ಸು ಹೋಯಿತು. ಇನ್ನೊಂದು ಹೋಯಿತು.
"ಸಾರ್, ಇನ್ನು ಹೋಗಬಹುದಾ?"
ನನ್ನ ಬಾಯಲ್ಲಿ ಏನೂ ಇರಲಿಲ್ಲ,
ಆದರೂ ಜಗಿಯುತ್ತಿದ್ದೆ.