ಒಂದೂವರೆ ವೋಲ್ಟು

ತಿಮಿಷ್ವಾರಾದಲ್ಲಿ ಫೆಬ್ರವರಿ.
ಊರ ನಡುವಿನ ಕಾಲುವೆಗೆ ಬೇಗಾ ಎಂದು ಹೆಸರು.
ಕನ್ನಡದ ಕಿವಿಗೆ ನಗು ಬರುತ್ತದೆ:
ಇಷ್ಟು ನಿಧಾನದ ನೀರು ಬೇರೆಲ್ಲೂ ಕಂಡಿಲ್ಲ ನಾನು,
ಈಗಂತೂ ಹೆಪ್ಪುಗಟ್ಟಿ, ಬಾತುಕೋಳಿಗಳು
ಅದನ್ನು ನಡೆದೇ ದಾಟುತ್ತವೆ.

ದಂಡೆಯ ಕಾಂಕ್ರೀಟು ಕಟ್ಟಡದ ನಾಲ್ಕನೇ ಮಹಡಿಯಲ್ಲಿ
ಒಂದೇ ಒಂದು ಕಿಟಕಿ ತೆರೆದಿದೆ.
ಸೆವೆರಿನ್‌ಗೆ ಚಳಿ ಬೇಕು; ತನಗಲ್ಲ,
ಮೇಜಿನ ಮೇಲೆ ಅಂಗಿ ಬಿಚ್ಚಿ ಮಲಗಿಸಿದ ಯಂತ್ರಕ್ಕೆ.
ಮೂವತ್ತಾರರಲ್ಲಿ ಓಡಲೆಂದು ಹುಟ್ಟಿದ ಪ್ರೊಸೆಸರಿಗೆ
ಐವತ್ತೆರಡು ಎಂದು ಬರೆದ.
ಏದುಸಿರು ಬಿಟ್ಟಾಗ ವೋಲ್ಟೇಜು ಕುಡಿಸಿದ,
ಇನ್ನೊಂದು ಗುಟುಕು, ಇನ್ನೊಂದೇ ಒಂದು ಗುಟುಕು,
ಒಲ್ಲೆನೆಂದು ಮುಖ ತಿರುಗಿಸುವ ಕೂಸಿಗೆ
ಒಳಲೆಯಲ್ಲಿ ಹಾಲು ಹುಯ್ಯುವವರ ಹಾಗೆ.

ಆಮೇಲೆ ಪರದೆ ಕಪ್ಪು.
ಫ್ಯಾನು ಎರಡು ಸೆಕೆಂಡು ತಿರುಗುತ್ತದೆ, ನಿಲ್ಲುತ್ತದೆ.
ತಿರುಗುತ್ತದೆ, ನಿಲ್ಲುತ್ತದೆ.
ಹೊಸಿಲ ತನಕ ಬಂದು
ಏನೋ ನೆನಪಾಗಿ ಹಿಂದಿರುಗುವ ನೆಂಟನಂತೆ.
ಮದರ್‌ಬೋರ್ಡಿನ ಮೂಲೆಯಲ್ಲಿ ಸೊನ್ನೆ ಸೊನ್ನೆ,
ಕೆಂಪಗೆ, ರೆಪ್ಪೆ ಬಡಿಯದೆ.

ಅವನ ದೊಡ್ಡಮ್ಮ ಸ್ಮರಾಂಡಾ
ಟ್ರಾಮ್ ಡಿಪೋದಲ್ಲಿ ಹತ್ತೊಂಬತ್ತು ವರ್ಷದಿಂದ ವೈರು ಹಿಡಿದವಳು.
ರಾತ್ರಿ ಪಾಳಿಗೆ ಹೊರಟವಳು ಬೂಟು ಬಿಚ್ಚದೆ ಒಳಬಂದು
ಮೊದಲು ಕಿಟಕಿ ಮುಚ್ಚಿದಳು:
ಲೋಹಕ್ಕೂ ಬೆವರುತ್ತದೆ ಕಣೋ, ಚಳಿಯಿಂದ ಬಿಸಿಗೆ ಬಂದರೆ.

ಗೋಡೆಯಿಂದ ಪ್ಲಗ್ಗು ಕಿತ್ತಳು. ಗುಂಡಿ ಒತ್ತಿ ಹಿಡಿದಳು,
ಕೆಪಾಸಿಟರುಗಳ ಕೊನೆಯ ಹನಿ ಇಳಿಯಲಿ ಎಂದು.
ಎರಡು ರ್‍ಯಾಮಿನಲ್ಲಿ ಒಂದನ್ನು ತೆಗೆದಿಟ್ಟಳು.
ಪ್ರೊಸೆಸರಿನ ಪಿನ್ನುಗಳನ್ನು ಟಾರ್ಚು ಹಿಡಿದು,
ಹೇನು ನೋಡುವವಳ ತಾಳ್ಮೆಯಲ್ಲಿ, ಸಾಲು ಸಾಲಾಗಿ ನೋಡಿದಳು.
ಎಲ್ಲ ನೆಟ್ಟಗಿದ್ದವು.
ಕೊನೆಗೆ ಉಗುರಿನಿಂದ ಎಬ್ಬಿಸಿದಳು
ಬೆಳ್ಳಿ ಬಿಲ್ಲೆಯಂಥ ಆ ಬ್ಯಾಟರಿಯನ್ನು.

ಹೋಯಿತು, ಅಂದ ಸೆವೆರಿನ್, ಒಂಬತ್ತು ರಾತ್ರಿಯ ಲೆಕ್ಕ,
ಎಲ್ಲಾ ಮರೆತುಬಿಡುತ್ತದೆ ಅದು.
ಮರೆಯಲಿ, ಅಂದಳು
ಹೆಸರಿನಲ್ಲೇ ಅರ್ಧ ಸ್ಮರಣೆ ಇಟ್ಟುಕೊಂಡವಳು.
ಬೈಸಿಕೊಂಡ ಮಗು ನಿದ್ದೆಯಿಂದ ಎದ್ದ ಮೇಲೆ
ಮಾತಾಡುವುದಿಲ್ಲವೇ?

ಮಾತಾಡಿತು.
ಪರದೆ ತುಂಬ ಬೆಳಕು, ಮೂಲೆಯಲ್ಲಿ ಜನವರಿ ಒಂದು,
ಯಾವುದೋ ಹಳೆಯ ವರ್ಷ.
ಆ ವರ್ಷ ಸೆವೆರಿನ್ ಹತ್ತರ ಹುಡುಗ,
ಟ್ರಾಮಿನ ಮುಂದಿನ ಸೀಟಿಗೆ ಹಟ ಹಿಡಿಯುತ್ತಿದ್ದ.

ಅವಳು ಚೀಲದಿಂದ ಮೀಟರು ತೆಗೆದಳು,
ಸಾಕೆಟ್ಟಿನ ಬೆನ್ನಿಗೆ ಎರಡು ಸೂಜಿ ಮುಟ್ಟಿಸಿದಳು.
ಪರದೆ ಹೇಳುತ್ತಿತ್ತು ಒಂದು ಪಾಯಿಂಟ್ ನಾಲ್ಕು.
ಸೂಜಿ ಹೇಳಿತು ಒಂದೂವರೆ.
ಬರೆದದ್ದು ಒಂದು, ಬಡಿಸಿದ್ದು ಇನ್ನೊಂದು.
ಹೊರೆ ಬಿದ್ದಾಗ ಕುಸಿಯದಿರಲೆಂದು ನೀನಿಟ್ಟ ಊರುಗೋಲೇ
ಎತ್ತಿ ಎಸೆಯುತ್ತಿದೆ ನೋಡು.

ಆರು ನೂರು ವೋಲ್ಟಿನ ತಂತಿಯ ಕೆಳಗೆ
ಏಣಿ ಹಾಕಿ ಊಟ ಮಾಡಿದ್ದೇನೆ, ಅಂದಳು.
ಹೆದರಿಕೆ ಆಗುವುದು ನಿನ್ನ ಈ ಒಂದೂವರೆಗೆ.
ತಂತಿ ತಪ್ಪು ಮಾಡಿದರೆ ನೀಲಿ ಕಿಡಿ ಹಾರಿಸಿ
ಬೀದಿಗೆಲ್ಲ ಹೇಳುತ್ತದೆ.
ಇದು ಹೇಳುವುದಿಲ್ಲ. ಒಳಗೊಳಗೇ
ಕೂದಲಿಗಿಂತ ಸಣ್ಣ ದಾರಿಗಳನ್ನು ಸವೆಸುತ್ತದೆ.
ಒಂದು ದಿನ ಸೊನ್ನೆ ಸೊನ್ನೆ ಬರುತ್ತದೆ,
ಆಗ ಬ್ಯಾಟರಿ ತೆಗೆದರೂ ಮರೆಯಲು ಏನೂ ಉಳಿದಿರುವುದಿಲ್ಲ.

ಊರುಗೋಲು ಎರಡು ಮೆಟ್ಟಿಲು ಇಳಿಸಿ
ನಲವತ್ತೊಂಬತ್ತಕ್ಕೆ ನಿಲ್ಲಿಸಿದರು.
ಓಡಿತು, ಚಹಾ ಆರುವ ತನಕ,
ಇನ್ನೊಂದು ಚಹಾ ಆರುವ ತನಕ.
ಐವತ್ತೆರಡು? ಎಂದು ಕೇಳಿದ ಸೆವೆರಿನ್.
ಸ್ಮರಾಂಡಾ ಬೂಟಿನ ದಾರ ಬಿಗಿಯುತ್ತಿದ್ದಳು,
ಕೇಳಿಸಲಿಲ್ಲ. ಅಥವಾ.

ರಾತ್ರಿ ಎರಡೂಮುಕ್ಕಾಲು.
ಡಿಪೋದ ಹೊರಗೆ ತಂತಿಗಳ ಮೇಲಿನ ಮಂಜು ಕೆರೆಯಲು
ಖಾಲಿ ಟ್ರಾಮೊಂದು ಸುಮ್ಮನೆ ಊರು ಸುತ್ತುತ್ತಿದೆ.
ಫೋನು ಮಿಣುಕಿತು, ಸೆವೆರಿನ್‌ನ ಸಂದೇಶ:
ಪ್ಲಗ್ಗು ತೆಗೆದು ಹಾಕಿದಾಗೆಲ್ಲ ಮತ್ತೆ ಜನವರಿ ಒಂದು,
ಮತ್ತೆ ಮೂವತ್ತಾರು, ಬರೆದದ್ದು ನಿಲ್ಲುತ್ತಿಲ್ಲ ದೊಡ್ಡಮ್ಮಾ.
ಅವಳು ಕೈಗವಸು ಕಳಚಿ ಕೋಟಿನ ಜೇಬಿಗೆ ಕೈ ಹಾಕಿದಳು.
ಬೆರಳಿಗೆ ತಣ್ಣಗೆ ಸಿಕ್ಕಿತು ಬಿಲ್ಲೆ.
ಮರೆತು ತಂದಳೋ, ಮರೆಯದೆ ತಂದಳೋ,
ನೀಲಿ ಕಿಡಿಯೊಂದು ಮೇಲೆ ಹಾರಿ
ಬೀದಿಯನ್ನೆಲ್ಲ ಒಂದು ಕ್ಷಣ ಬೆಳಗಿತು.