ಮುನ್ನೋಟ, ಒಂದು ಪುಟ ಮೀರದಂತೆ

ಬ್ಲಾಕ್ ಆಫೀಸಿನಿಂದ ಬಂದ ಕಾಗದದಲ್ಲಿ ಇದ್ದದ್ದು ಇಷ್ಟೇ:
ಐವತ್ತು ವರ್ಷದಾಚೆ ನಮ್ಮ ದೇಶ ಹೇಗಿರಬೇಕು?
ವಾರ್ಡಿನವರೆಲ್ಲ ಕೂಡಿ ಬರೆಯಿರಿ, ಯುವಜನರಿಗೆ ಆದ್ಯತೆ,
ಒಂದು ಪುಟ ಮೀರಬಾರದು.
ಮಲಯಾಳದಲ್ಲಿತ್ತು. ಕನ್ನಡ ಮಾಡಿದವಳು ನಾನು,
ಒಂಬತ್ತನೇ ವಾರ್ಡಿನ ಮೆಂಬರು, ಇಪ್ಪತ್ತಮೂರು ವರ್ಷ,
ಗೆದ್ದದ್ದು ಹನ್ನೊಂದು ಓಟಿನಲ್ಲಿ.

ಬಾಯಾರುಪದವಿನ ವಾಚನಾಲಯ.
ಪಡುವಣ ಕಿಟಕಿಯ ಬಳಿ ಕೂತರೆ ಮೊಬೈಲು ಕೇರಳದ್ದು,
ಮೂಡಣ ಬಾಗಿಲಿಗೆ ಸರಿದರೆ
ಕರ್ನಾಟಕಕ್ಕೆ ಸ್ವಾಗತ ಅಂತ ಮೆಸೇಜು ಬೀಳುತ್ತದೆ.
ಕುರ್ಚಿ ಮೂವತ್ತು, ಬಂದವರು ನಲವತ್ತಮೂರು,
ಚಾ ಗ್ಲಾಸು ಹದಿನೆಂಟು.

ಮೊದಲ ಒಂದು ಗಂಟೆ ಹೋದದ್ದು ಒಂದು ಶಬ್ದಕ್ಕೆ.
ಮುನ್ನೋಟ, ಅಂದೆ. ಹಾಗೆಂದರೆ ಎಂತ, ಎಂದರು ಬೀಫಾತಿಮ.
ಬ್ಯಾರಿಯಲ್ಲಿ ಹುಡುಕಿದೆವು, ಸಿಗಲಿಲ್ಲ.
'ದುಂಬು ತೂಪುನಿ' ಎಂದ ತೇಜಪ್ಪಣ್ಣ, ತುಳುವಿನಲ್ಲಿ.
ಅದು ಬಸ್ಸು ಬಂತಾ ಅಂತ ನೋಡುವುದಲ್ವಾ,
ಎಂದಳು ಅವನ ಹೆಂಡತಿಯೇ.
'ಸಪಣ್' ಆಗಬಹುದಾ, ಎಂದರು ಕೊಂಕಣಿಯ ಲೀನಾ ಟೀಚರು.
ಅದು ನಿದ್ದೆಯಲ್ಲಿ ಬೀಳುವುದು,
ನಮಗೆ ಎಚ್ಚರದಲ್ಲಿ ಬೇಕು ಎಂದು ಕುಞಂಬು.
ದೇಶದ ಮಾತು ಇನ್ನೂ ಹೊರಟೇ ಇರಲಿಲ್ಲ.

ಪ್ಲಸ್ ಟು ಹುಡುಗ ಶಾಮಿಲ್ ಎದ್ದು ನಿಂತು
ಪ್ರಪಂಚಕ್ಕೇ ಮೊದಲನೇ ನಂಬ್ರ ಆಗಬೇಕು ಎಂದ.
ಯಾವುದರಲ್ಲಿ, ಎಂದು ಯಾರೋ ಕೇಳಿದ್ದಕ್ಕೆ ಕೂತ.
ಬೀಡಿ ಕಟ್ಟುವ ಸೌದಾಮಿನಕ್ಕ ಕೂತಲ್ಲಿಂದಲೇ:
ನನ್ನ ಪಿಂಚಣಿ ಅರ್ಜಿ ಈ ಐವತ್ತು ವರ್ಷದೊಳಗೆ
ಪಾಸಾಗುತ್ತದಾ, ಅದನ್ನು ಬರಿ.
'ವೇಗದ ಆಡಳಿತ' ಎಂದು ಬರೆದುಕೊಂಡೆ.
ಬರೆದ ಮೇಲೆ ನನಗೇ ನಾಚಿಕೆಯಾಯಿತು.

ಮೂಲೆಯಲ್ಲಿ ಐತಪ್ಪಜ್ಜ. ಸುರಂಗ ಕಡಿಯುವವರು,
ಗುಡ್ಡದ ಹೊಟ್ಟೆಗೆ ಅಡ್ಡ ಹೊಕ್ಕು ನೀರು ತರುವ ಕಸುಬು.
ಕೇಳದೆ ಮಾತಾಡುವವರಲ್ಲ. ಕೇಳಿದೆ.

'ಮುನ್ನೋಟ ನನಗೆ ಗೊತ್ತಿಲ್ಲ. ಒಳಗೆ, ಮುಂದೆ ಕಾಣುವುದು
ಬರೇ ಮುರಕಲ್ಲು, ಮೂಗಿನಿಂದ ಒಂದು ಗೇಣು.
ಕೋಲಿಗೊಂದು ಸಲ ಹಿಂದೆ ತಿರುಗಿ ನೋಡಬೇಕು.
ಹೊಕ್ಕ ಬಾಯಿ ಬೆಳ್ಳಗೆ ಒಂದು ಪಾವಲಿಯಷ್ಟಾದರೂ ಕಾಣಬೇಕು.
ಕಾಣದಿದ್ದರೆ ನಾವು ಸೊಟ್ಟ ಹೋಗಿದ್ದೇವೆ.
ಮೊಂಬತ್ತಿ ಸಣ್ಣಗಾದರೆ ಪಿಕ್ಕಾಸು ಬಿಟ್ಟು ಹೊರಗೆ ಓಡುವುದು,
ಅಲ್ಲಿ ಧೈರ್ಯ ತೋರಿಸಲಿಕ್ಕಿಲ್ಲ.
ನೀರು ಮೊದಲು ಸಿಗುವುದು ಕಿವಿಗೆ.'

ಚಪ್ಪಾಳೆ. ಶಾಮಿಲ್ ಮಾತ್ರ ತಟ್ಟಲಿಲ್ಲ.
'ಅಜ್ಜಾ, ಎಲ್ಲಿ ಕಡಿಯುವುದು ಅಂತ ಹೇಳುವುದು ಯಾರು?'

ಅಜ್ಜ ವೀಳ್ಯದೆಲೆಯ ತೊಟ್ಟು ಮುರಿದರು.
ನಾರು ತೆಗೆದರು. ಸುಣ್ಣ ಹಚ್ಚಲು ಮರೆತರು.
'ಜಾಗದವರು. ನಮಗೆ ಕೋಲಿಗೆ ಇಷ್ಟು ಅಂತ ದುಡ್ಡು.
ನಲವತ್ತು ವರ್ಷ, ಐವತ್ತರ ಹತ್ತಿರ ಸುರಂಗ.
ಆರರಲ್ಲಿ ನೀರಾಗಲಿಲ್ಲ. ಅದರಲ್ಲಿ ಎರಡು,
ಆಗುವುದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು.
ನಿನಗೆಂತ ತೋರುತ್ತದೆ ಐತಪ್ಪ, ಅಂತ ಯಾರೂ ಕೇಳಿದ್ದಿಲ್ಲ.
ಇವತ್ತೇ ಮೊದಲು.'
ಮನೆಗೆ ಪೈಪಿನ ನೀರು ದಿನ ಬಿಟ್ಟು ದಿನ ಬರುತ್ತದೆ
ಎಂದೂ ಸೇರಿಸಿದರು, ದೂರು ಹೇಳುವ ಹಾಗಲ್ಲ.

ಈ ಸಲ ಯಾರೂ ಕೈ ತಟ್ಟಲಿಲ್ಲ.

ಬರೆದದ್ದನ್ನೆಲ್ಲ ಹೊಡೆದು ಹಾಕಿದೆ.
ಈಗ ಪುಟದಲ್ಲಿರುವುದು ಸೌದಾಮಿನಕ್ಕನ ಅರ್ಜಿಯ ನಂಬ್ರ,
ಆಮೇಲೆ ಒಂದೇ ಗೆರೆ:
ಕಡಿಯುವವರನ್ನು ಕಡಿಯುವ ಮೊದಲು ಕೇಳುವ ದೇಶ.
ಐದು ಭಾಷೆಯಲ್ಲಿ ಬರೆಯುವಾಗ ಪುಟ ತುಂಬಿತು.
ಬ್ಯಾರಿಯದ್ದನ್ನು ಕನ್ನಡ ಅಕ್ಷರದಲ್ಲಿ ಬರೆದವಳು
ಏಳನೇ ಕ್ಲಾಸಿನ ಮಿಸ್ರಿಯ, ಬೀಫಾತಿಮರ ಮೊಮ್ಮಗಳು.
ಐವತ್ತು ವರ್ಷ ಆಗುವಾಗ ನನಗೆ ಅರವತ್ತೆರಡು ಅಲ್ವಾ,
ಆಗ ಇದನ್ನು ಓದಿ ಆಯ್ತು, ಆಗಲಿಲ್ಲ ಅಂತ
ಗೀಟು ಹಾಕುವುದು ಯಾರು, ಎಂದಳು.
ನಮ್ಮಲ್ಲಿ ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿದೆವು.

ಅವಳಿಂದಲೂ ಸಹಿ ಹಾಕಿಸಿದೆ. ಸಣ್ಣ ಮಕ್ಕಳ ಸಹಿ ನಡೆಯದು
ಎಂದು ಆಫೀಸಿನವರು ತಿರುಗಿ ಕಳಿಸಿದರು.
ಹಾಗೆಯೇ ಮತ್ತೆ ಕಳಿಸಿದ್ದೇನೆ.
ನಕಲು ವಾಚನಾಲಯದ ಕಪಾಟಿನಲ್ಲಿದೆ,
ಬೀಗದ ಕೈ ಮಿಸ್ರಿಯಳ ಕಂಪಾಸು ಪೆಟ್ಟಿಗೆಯಲ್ಲಿ.

ಮುಂದಿನ ಸಭೆಗೆ
ಕುರ್ಚಿ ಹದಿಮೂರು ತರಿಸಬೇಕು.